ಮಿಶ್ರಕ್ರೀಡೆಯಲ್ಲಿ ಸಮತೂಕದ ಪ್ರಶ್ನೆ: ಬಿ.ಜಿ.ಎಂ.ಐ. ಪಂದ್ಯಾವಳಿಯ ಅಂಕಪದ್ಧತಿಯ ವಿಚಾರ

೧

ಆಟದ ನಿಯಮಗಳೂ ಒಂದು ಬಗೆಯ ರಚನೆಯೇ. ಕಾವ್ಯದಲ್ಲಿ ಅಂಗಾಂಗಗಳ ಔಚಿತ್ಯವನ್ನು ವಿಚಾರಿಸುವಂತೆ ಆಟದಲ್ಲಿಯೂ ಒಂದು ನಿಯಮವು ಮತ್ತೊಂದಕ್ಕೆ ಹೊಂದಿಕೊಂಡಿದೆಯೇ, ಆಡುವವರೆಲ್ಲರಿಗೂ ಅವು ನ್ಯಾಯವನ್ನು ಒದಗಿಸುತ್ತವೆಯೇ ಎಂದು ವಿಚಾರಿಸಬಹುದು. ಜಾನಪದದ ಅಭ್ಯಾಸಿಗಳು ಹಳ್ಳಿಯ ಆಟಗಳ ಹೆಸರು, ಹಾಡು, ಆಡುವ ಕಾಲ ಮೊದಲಾದವನ್ನು ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಆ ಸಂಗ್ರಹದ ಮೇಲೆ ನಿಂತು ನಿಯಮಗಳ ಒಳಗಿನ ಸಂಬಂಧವನ್ನು ಪರೀಕ್ಷಿಸುವ ಕೆಲಸವು ಇನ್ನೂ ಬಹಳಷ್ಟು ಉಳಿದಿದೆ. ಈ ಲೇಖನವು ಆ ದಿಕ್ಕಿನಲ್ಲಿ ಒಂದು ಚಿಕ್ಕ ಪ್ರಯತ್ನ.

ಇದಕ್ಕೆ ಆರಿಸಿಕೊಂಡ ಆಟವು ಹಳೆಯದಲ್ಲ. ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ, ವಿದ್ಯಾರ್ಥಿನಿಲಯಗಳ ಮೆಟ್ಟಿಲುಗಳ ಮೇಲೆ, ತರುಣರು ತಂತಮ್ಮ ಮೊಬೈಲಿನ ಮೇಲೆ ತಲೆ ಬಾಗಿಸಿ ಕೂಡಿ ಆಡುವ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬುದೇ ಆ ಆಟ. ಆಡುವವರು ಇದನ್ನು ಬಿ.ಜಿ.ಎಂ.ಐ. ಎಂದು ಕರೆಯುತ್ತಾರೆ. ಇದರ ಮೂಲವಾದ ಪಬ್‌ಜಿ ಆಟವು ೨೦೧೭ರಲ್ಲಿ ಗಣಕಯಂತ್ರಕ್ಕೂ ೨೦೧೮ರಲ್ಲಿ ಮೊಬೈಲಿಗೂ ಬಂದಿತು. ೨೦೨೦ರ ಸೆಪ್ಟೆಂಬರಿನಲ್ಲಿ ಭಾರತ ಸರಕಾರವು ಮೊಬೈಲಿನ ಪಬ್‌ಜಿಯನ್ನು ನಿಷೇಧಿಸಿತು. ೨೦೨೧ರ ಜುಲೈಯಲ್ಲಿ ದಕ್ಷಿಣ ಕೊರಿಯದ ಕ್ರಾಫ್ಟನ್ ಸಂಸ್ಥೆಯು ಈಗಿನ ಹೆಸರಿನಿಂದ ಅದನ್ನು ಮರಳಿ ತಂದಿತು. ೨೦೨೨ರ ಜುಲೈಯಲ್ಲಿ ಅದಕ್ಕೂ ತಡೆ ಬಿದ್ದು, ೨೦೨೩ರ ಮೇ ತಿಂಗಳಲ್ಲಿ ಆ ತಡೆಯು ತೆರವಾಯಿತು.

ಆಟವು ಒಳ್ಳೆಯದೋ ಕೆಟ್ಟದೋ, ಮಕ್ಕಳ ವ್ಯಾಸಂಗಕ್ಕೆ ಅದರಿಂದ ಹಾನಿಯುಂಟೋ ಇಲ್ಲವೋ ಎಂಬ ಚರ್ಚೆಯನ್ನು ಇಲ್ಲಿ ಎತ್ತಿಕೊಂಡಿಲ್ಲ. ಆ ಚರ್ಚೆಯು ಮನೆಮನೆಯಲ್ಲಿಯೂ ನಡೆದೇ ಇದೆ. ಇಲ್ಲಿಯ ಪ್ರಶ್ನೆಯು ಬೇರೆ: ಇದು ಸ್ಪರ್ಧೆಯೆಂದು ಹೇಳಿಕೊಳ್ಳುತ್ತದೆ, ಸ್ಪರ್ಧೆಯೆಂಬ ಹೆಸರಿಗೆ ತಕ್ಕ ಸಮತೂಕವು ಇದರ ನಿಯಮಗಳಲ್ಲಿ ಇದೆಯೇ? ಈ ಪ್ರಶ್ನೆಯು ಕೇವಲ ಕುತೂಹಲದ್ದಲ್ಲ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಮಾನ್ಯತೆಯ ಬಾಗಿಲು ತೆರೆದಿದೆ. ಕೈಚಳಕ, ಬುದ್ಧಿಯ ಚುರುಕು, ವ್ಯೂಹರಚನೆ ಮೊದಲಾದ ಕೌಶಲಗಳಿಂದಲೇ ಫಲಿತಾಂಶವು ನಿರ್ಧಾರವಾಗತಕ್ಕದ್ದೆಂಬುದು ಆ ಮಾನ್ಯತೆಯ ಒಂದು ಲಕ್ಷಣ. ಆದುದರಿಂದ ನಿಯಮಗಳ ನ್ಯಾಯಾನ್ಯಾಯವನ್ನು ತೂಗಿ ನೋಡುವುದು ಈಗ ಅವಶ್ಯವಾಗಿದೆ.

೨

ಸಮತೂಕವೆಂದರೇನು? ಚದುರಂಗದಲ್ಲಿ ಇಬ್ಬರಿಗೂ ಅವೇ ಹದಿನಾರು ಕಾಯಿಗಳು. ಮೊದಲ ನಡೆಯೊಂದನ್ನು ಬಿಟ್ಟರೆ ಭೇದವಿಲ್ಲ. ಇದು ಸಮಾನರ ಸಮತೂಕ. ನಮ್ಮ ಹುಲಿ-ಕುರಿಯ ಆಟವು ಹಾಗಲ್ಲ. ಅದರ ಒಂದು ಪ್ರಸಿದ್ಧ ರೂಪದಲ್ಲಿ ಒಬ್ಬನಿಗೆ ಮೂರು ಹುಲಿ, ಇನ್ನೊಬ್ಬನಿಗೆ ಹದಿನೈದು ಕುರಿ. ಹುಲಿಯು ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗಳು ಸುತ್ತುಗಟ್ಟಿ ಹುಲಿಯ ದಾರಿಯನ್ನು ಕಟ್ಟುತ್ತವೆ. ಬಲವೂ ಗುರಿಯೂ ಬೇರೆ ಬೇರೆ. ಇದು ಅಸಮಾನರ ಸಮತೂಕ. ಇದನ್ನು ಸಾಧಿಸುವುದು ಕಠಿಣವಾದರೂ ಅಸಾಧ್ಯವಲ್ಲ. ನಾಲ್ಕು ಹುಲಿ ಇಪ್ಪತ್ತು ಕುರಿಗಳಿರುವ ನೇಪಾಳದ ಬಾಘ್‌ಚಾಲ್ ಎಂಬ ಸೋದರ ಆಟವನ್ನು ಗಣಕಯಂತ್ರದಿಂದ ಪೂರ್ಣವಾಗಿ ಲೆಕ್ಕ ಹಾಕಿದ ವಿದ್ವಾಂಸರು, ಎರಡು ಪಕ್ಷದವರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲವೆಂದು ತೋರಿಸಿಕೊಟ್ಟಿದ್ದಾರೆ. ಹುಲಿಗೂ ಕುರಿಗೂ ತೂಕವು ಅಷ್ಟು ಸರಿಯಾಗಿ ಕೂಡಿದೆ. ಅಷ್ಟಾದರೂ ಸಂಶಯ ಉಳಿದರೆ ಆಡುವವರು ಒಂದು ಸಲ ಹುಲಿ, ಒಂದು ಸಲ ಕುರಿ ಎಂದು ಪಕ್ಷವನ್ನು ಅದಲುಬದಲು ಮಾಡಿಕೊಂಡರೆ ಸಾಕು.

ಮೂರನೆಯ ಬಗೆಯೊಂದುಂಟು. ಅದರಲ್ಲಿ ಪ್ರತಿಯೊಂದು ಪಕ್ಷವೂ ಏಕಕಾಲದಲ್ಲಿ ಎರಡು ಬೇರೆ ಬೇರೆ ಆಟಗಳನ್ನು ಆಡುತ್ತಿರುತ್ತದೆ; ಕೊನೆಗೆ ಎರಡರ ಸಾಧನೆಯನ್ನೂ ಒಂದೇ ಲೆಕ್ಕಕ್ಕೆ ಇಳಿಸಲಾಗುತ್ತದೆ. ಇಂಥದನ್ನು ಮಿಶ್ರಕ್ರೀಡೆಯೆನ್ನೋಣ. ಇಲ್ಲಿ ಪಕ್ಷಗಳು ಸಮಾನವಾಗಿದ್ದರೆ ಸಾಲದು. ಎರಡು ಸಾಧನೆಗಳ ನಡುವಿನ ವಿನಿಮಯದ ದರವೂ ನ್ಯಾಯವಾಗಿರಬೇಕು. ಎತ್ತು ಕೊಟ್ಟು ಜೋಳ ತರುವವನಿಗೆ ಎತ್ತಿಗೆಷ್ಟು ಜೋಳವೆಂಬುದೇ ಮುಖ್ಯ. ಬಿ.ಜಿ.ಎಂ.ಐ. ಪಂದ್ಯಾವಳಿಯು ಈ ಮೂರನೆಯ ಬಗೆಗೆ ಸೇರಿದ್ದೆಂಬುದನ್ನೂ ಅದರ ದೋಷಗಳು ಹೆಚ್ಚಾಗಿ ವಿನಿಮಯದ ದರದಲ್ಲಿಯೇ ಇವೆಯೆಂಬುದನ್ನೂ ಮುಂದೆ ತೋರಿಸಬೇಕಾಗಿದೆ.

೩

ಆಟದ ಸ್ವರೂಪವನ್ನು ತಿಳಿಯದ ವಾಚಕರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಸಾಮಾನ್ಯ ಆಟದಲ್ಲಿ ನೂರರವರೆಗೆ, ಪಂದ್ಯಾವಳಿಯಲ್ಲಿ ನಾಲ್ವರ ಹದಿನಾರು ತಂಡಗಳಂತೆ ಅರುವತ್ತುನಾಲ್ಕು ಜನ ಆಟಗಾರರು ವಿಮಾನದಿಂದ ಒಂದು ಕಲ್ಪಿತ ದ್ವೀಪದ ಮೇಲೆ ಇಳಿಯುತ್ತಾರೆ. ಎರಂಗಲ್, ಮಿರಾಮಾರ್ ಎಂಬ ನೆಲಗಳು ಎಂಟು ಕಿಲೋಮೀಟರು ಉದ್ದ, ಅಷ್ಟೇ ಅಗಲ. ಸನ್ಹೋಕ್ ಎಂಬುದು ನಾಲ್ಕು ಕಿಲೋಮೀಟರಿನದು. ಕೈಯಲ್ಲಿ ಏನೂ ಇಲ್ಲದೆ ಇಳಿದವರು ಮನೆಮನೆ ಹುಡುಕಿ ಆಯುಧಗಳನ್ನು ಕೂಡಿಸಿಕೊಳ್ಳುತ್ತಾರೆ. ಆಟದ ಬಯಲನ್ನು ಒಂದು ವರ್ತುಲವು ಸುತ್ತುವರಿದಿದ್ದು ಹೊತ್ತು ಹೊತ್ತಿಗೆ ಅದು ಕುಗ್ಗುತ್ತ ಹೋಗುತ್ತದೆ. ಆಟಗಾರರು ಇದನ್ನು 'ಜೋನ್' ಎನ್ನುತ್ತಾರೆ. ಅದರ ಹೊರಗೆ ಉಳಿದವರ ಪ್ರಾಣವು ಕ್ರಮೇಣ ಸೋರಿಹೋಗುವುದು. ಕೊನೆಗೆ ಉಳಿದ ತಂಡವೇ ವಿಜಯಿ.

ಇಷ್ಟೇ ಆಗಿದ್ದರೆ ಇದು ಶುದ್ಧವಾದ ಉಳಿವಿನ ಆಟ. ಆದರೆ ಉಳಿವಿಗಷ್ಟೇ ಬೆಲೆಯಿದ್ದರೆ ಎಲ್ಲರೂ ಹುಲ್ಲಿನಲ್ಲಿ ಅಡಗಿ ಮಲಗುವುದೇ ಜಾಣತನವಾಗುವುದು. ನೋಡುವವರಿಗೆ ನೋಡಲು ಏನೂ ಇರುವುದಿಲ್ಲ. ಅದಕ್ಕಾಗಿ ಪಂದ್ಯಾವಳಿಗಳಲ್ಲಿ ಎದುರಾಳಿಯನ್ನು ಹೊರಹಾಕಿದ್ದಕ್ಕೂ ಅಂಕ ಕೊಡುವ ಪದ್ಧತಿ ಬಂದಿದೆ. ಹೀಗೆ ಹೊರಹಾಕುವುದಕ್ಕೆ ಈ ಆಟದಲ್ಲಿ 'ಫಿನಿಷ್' ಎಂದು ಹೆಸರು. ಒಂದು ಫಿನಿಷಿಗೆ ಒಂದು ಅಂಕ. ಉಳಿವಿನ ಸ್ಥಾನಕ್ಕೆ, ಈಚಿನ ವರ್ಷಗಳಲ್ಲಿ ಬಳಕೆಯಲ್ಲಿರುವ ಪಟ್ಟಿಯ ಪ್ರಕಾರ, ಮೊದಲಿನಿಂದ ಎಂಟನೆಯವರೆಗೆ ಕ್ರಮವಾಗಿ ೧೦, ೬, ೫, ೪, ೩, ೨, ೧, ೧ ಅಂಕಗಳು. ಒಂಬತ್ತರಿಂದ ಹದಿನಾರರವರೆಗೆ ಸೊನ್ನೆ.

ಈ ಪಟ್ಟಿಯನ್ನು ಲೆಕ್ಕಕ್ಕೆ ಹಚ್ಚಿ ನೋಡಿದರೆ ಕೆಲವು ಸಂಗತಿಗಳು ತಾವಾಗಿಯೇ ಹೊರಬೀಳುತ್ತವೆ.

ಒಂದು: ಸ್ಥಾನಗಳ ಅಂಕಗಳೆಲ್ಲ ಕೂಡಿ ೩೨. ಗೆದ್ದ ತಂಡದಲ್ಲಿ ಎಷ್ಟು ಜನ ಉಳಿದರು ಎಂಬುದರ ಮೇಲೆ ಹೊರಬಿದ್ದವರ ಸಂಖ್ಯೆಯು ೬೦ರಿಂದ ೬೩ರವರೆಗೆ ಇರುತ್ತದೆ. ಜೋನಿಗೆ ಸಿಕ್ಕಿ ಸತ್ತವರನ್ನು ಕಳೆದರೂ ಫಿನಿಷ್ ಅಂಕಗಳ ರಾಶಿಯು ಸ್ಥಾನಗಳ ರಾಶಿಗಿಂತ ಬಹಳ ದೊಡ್ಡದು. ಉಳಿವಿನ ಆಟವೆಂಬ ಹೆಸರಿದ್ದರೂ ಅಂಕದ ಹೆಚ್ಚಿನ ಪಾಲು ಹೊಡೆತಕ್ಕೇ ಸಲ್ಲುತ್ತದೆ.

ಎರಡು: ಇಳಿದೊಡನೆ ಕಾದಾಡಿ ಆರು ಜನರನ್ನು ಉರುಳಿಸಿ ಹದಿಮೂರನೆಯದಾಗಿ ಹೊರಬಿದ್ದ ತಂಡಕ್ಕೆ ಆರು ಅಂಕ. ಎಚ್ಚರಿಕೆಯಿಂದ ನಡೆದು ಮೂರನೆಯ ಸ್ಥಾನದವರೆಗೆ ಬಂದು ಒಂದೇ ಫಿನಿಷ್ ಮಾಡಿದ ತಂಡಕ್ಕೂ ಆರೇ ಅಂಕ. ಏಳು ತಂಡಗಳಿಗಿಂತ ಹೆಚ್ಚು ಕಾಲ ಬದುಕಿ ಒಂಬತ್ತನೆಯದಾಗಿ ಹೊರಟುಹೋದ ತಂಡಕ್ಕೆ ಏನೂ ಇಲ್ಲ. ಅರ್ಧ ತಂಡಗಳ ಪಾಲಿಗೆ ಉಳಿವೆಂಬುದು ಲೆಕ್ಕಕ್ಕೇ ಬಾರದು.

ಮೂರು: ಮೊದಲನೆಯ ಸ್ಥಾನಕ್ಕೂ ಎರಡನೆಯದಕ್ಕೂ ಅಂತರ ನಾಲ್ಕು, ಅಂದರೆ ಒಂದು ಇಡೀ ತಂಡವನ್ನು ಉರುಳಿಸಿದಷ್ಟು. ಎರಡಕ್ಕೂ ಮೂರಕ್ಕೂ ಅಂತರ ಒಂದು. ಏಳಕ್ಕೂ ಎಂಟಕ್ಕೂ ಅಂತರವೇ ಇಲ್ಲ. ಮೆಟ್ಟಿಲುಗಳು ಸಮವಾಗಿಲ್ಲ, ಮೇಲಿನದೊಂದು ಮಾತ್ರ ಆಳೆತ್ತರದ್ದು.

ನಾಲ್ಕು: ೨೦೨೧ರ ಸುಮಾರಿನ ಪಂದ್ಯಾವಳಿಗಳಲ್ಲಿ ಮೊದಲ ಸ್ಥಾನಕ್ಕೆ ೧೫, ಎರಡನೆಯದಕ್ಕೆ ೧೨, ಮೂರನೆಯದಕ್ಕೆ ೧೦ ಅಂಕಗಳಿದ್ದವು. ಆಗ ಎರಡನೆಯ ಸ್ಥಾನವು ಹನ್ನೆರಡು ಫಿನಿಷುಗಳಿಗೆ ಸಮ. ಈಗ ಆರಕ್ಕೆ ಸಮ. ಉಳಿಯುವ ವಿದ್ಯೆಯಾಗಲಿ ಹೊಡೆಯುವ ವಿದ್ಯೆಯಾಗಲಿ ಈ ನಡುವೆ ಅರ್ಧದಷ್ಟು ಸುಲಭವಾಗಲಿಲ್ಲ. ದರವು ಮಾತ್ರ ಅರ್ಧವಾಯಿತು. ಆಟದೊಳಗಿನ ಯಾವ ಅಳತೆಯಿಂದಲೂ ಈ ದರವು ಹುಟ್ಟಿದ್ದಲ್ಲ, ಮೇಲಿನಿಂದ ಹೇರಿದ್ದು, ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

೪

ಇಂಥದೇ ಸಮಸ್ಯೆಯನ್ನು ಮಣ್ಣಿನ ಮೇಲೆ ಆಡುವ ಆಟವೊಂದು ಬಹಳ ಹಿಂದೆಯೇ ಎದುರಿಸಿದೆ. ನೆರೆಯ ಮಹಾರಾಷ್ಟ್ರದವರು ಹುತುತು ಎಂದೂ ನಾವು ಕಬಡ್ಡಿಯೆಂದೂ ಕರೆಯುವ ಆಟವೇ ಅದು. ಅದರಲ್ಲಿ ಪ್ರತಿಯೊಂದು ತಂಡವೂ ದಾಳಿ ಮಾಡುವ ಆಟ, ಹಿಡಿಯುವ ಆಟ ಎರಡನ್ನೂ ಆಡಬೇಕು. ಒಬ್ಬನು ಏಳು ಜನರ ಎದುರು ಹೋಗುತ್ತಾನೆ. ಮುಟ್ಟುವುದು ಒಂದು ವಿದ್ಯೆ, ಹಿಡಿಯುವುದು ಇನ್ನೊಂದು. ಎರಡನ್ನೂ ಒಂದೇ ಅಂಕದಿಂದ ಅಳೆಯಬೇಕಾಗಿದೆ.

ಕಬಡ್ಡಿಯ ಹಳೆಯ ರೂಪಗಳಲ್ಲಿ ಮೂರನ್ನು ಅಭ್ಯಾಸಿಗಳು ಮುಖ್ಯವಾಗಿ ಹೆಸರಿಸುತ್ತಾರೆ. ಗಾಮಿನಿ ಎಂಬ ರೂಪದಲ್ಲಿ ಔಟಾದವನು ಹೊರಗೇ ಉಳಿಯುತ್ತಾನೆ. ಎದುರು ತಂಡವು ಪೂರ್ತಿ ಬರಿದಾದಾಗಲೇ ಅಂಕ. ಅಮರ ಎಂಬ ರೂಪದಲ್ಲಿ ಔಟಾದವನು ಹೊರಗೆ ಹೋಗುವುದೇ ಇಲ್ಲ. ಅಂಕವನ್ನಷ್ಟೇ ಬರೆದುಕೊಂಡು ಆಟ ಮುಂದುವರಿಯುತ್ತದೆ. ಸಂಜೀವಿನಿ ಎಂಬ ರೂಪದಲ್ಲಿ ಔಟಾದವನು ಹೊರಗೆ ಹೋಗುತ್ತಾನೆ, ಆದರೆ ತನ್ನ ತಂಡದವರು ಎದುರಾಳಿಯೊಬ್ಬನನ್ನು ಔಟು ಮಾಡಿದಾಗ ಮರಳಿ ಜೀವ ಪಡೆದು ಒಳಗೆ ಬರುತ್ತಾನೆ. ೧೯೫೦ರಲ್ಲಿ ಅಖಿಲ ಭಾರತ ಸಂಘವು ಸ್ಥಾಪಿತವಾಗಿ ನಿಯಮಗಳು ಒಂದು ಕಟ್ಟಿಗೆ ಬಂದ ಮೇಲೆ ನೆಲೆನಿಂತದ್ದು ಸಂಜೀವಿನಿಯ ತತ್ತ್ವವೇ.

ಈ ಮೂರು ಹೆಸರುಗಳು ನಮ್ಮ ಪ್ರಸ್ತುತ ವಿಚಾರಕ್ಕೆ ಬಹಳ ಉಪಯುಕ್ತವಾಗಿವೆ. ಗಾಮಿನಿಯು ಶುದ್ಧ ಉಳಿವಿನ ಆಟ. ಅಮರವು ಶುದ್ಧ ಎಣಿಕೆಯ ಆಟ. ಬಿ.ಜಿ.ಎಂ.ಐ.ಯ ಸ್ಥಾನಾಂಕವು ಗಾಮಿನಿಯ ಜಾತಿಯದು, ಫಿನಿಷ್ ಅಂಕವು ಅಮರದ ಜಾತಿಯದು. ಪಂದ್ಯಾವಳಿಯವರು ಎರಡನ್ನೂ ತಂದು ಕೂಡಿಸಿದರು. ಎರಡನ್ನೂ ಬೆಸೆಯುವ ಸಂಜೀವಿನಿಯನ್ನು ತರಲಿಲ್ಲ. ಕಬಡ್ಡಿಯಲ್ಲಿ ಒಂದು ಔಟು ಎರಡು ಕೆಲಸಗಳನ್ನು ಮಾಡುತ್ತದೆ: ಅಂಕವನ್ನು ತರುತ್ತದೆ, ಮತ್ತು ತನ್ನವನೊಬ್ಬನನ್ನು ಬದುಕಿಸುತ್ತದೆ. ಹೊಡೆತವೂ ಉಳಿವೂ ಅಲ್ಲಿ ಒಂದೇ ಕ್ರಿಯೆಯ ಎರಡು ಮುಖಗಳಾಗುತ್ತವೆ. ಅವುಗಳ ದರವನ್ನು ಯಾರೂ ಪಟ್ಟಿ ಬರೆದು ಗೊತ್ತುಪಡಿಸಬೇಕಾಗಿಲ್ಲ. ಬಿ.ಜಿ.ಎಂ.ಐ.ಯಲ್ಲಿ ಸತ್ತ ಜೊತೆಗಾರನನ್ನು ಮರಳಿ ಕರೆಯುವ ಸೌಕರ್ಯವು ಸಾಮಾನ್ಯ ಆಟದಲ್ಲಿ ಈಚೆಗೆ ಸೇರಿದೆ. ಆದರೆ ಅದು ಅವನ ಗುರುತಿನ ಚೀಟಿಯನ್ನು ಎತ್ತಿಕೊಂಡು ಗೋಪುರಕ್ಕೆ ಹೋದದ್ದರ ಫಲವೇ ಹೊರತು ಎದುರಾಳಿಯನ್ನು ಗೆದ್ದದ್ದರ ಫಲವಲ್ಲ.

ಮುಂದೆ ೨೦೧೪ರಲ್ಲಿ ಪ್ರಾರಂಭವಾದ ಪ್ರೊ ಕಬಡ್ಡಿ ಲೀಗಿನ ನಿಯಮಗಳನ್ನು ನೋಡಿದರೆ ಇನ್ನೊಂದು ತತ್ತ್ವವು ಕಾಣುತ್ತದೆ. ಹಿಡಿಯುವವರು ಮೂವರು ಅಥವಾ ಅದಕ್ಕಿಂತ ಕಡಮೆ ಉಳಿದಿದ್ದಾಗ ದಾಳಿಗಾರನನ್ನು ಹಿಡಿದರೆ ಒಂದಲ್ಲ, ಎರಡು ಅಂಕ. ಇದಕ್ಕೆ ಸೂಪರ್ ಟ್ಯಾಕಲ್ ಎಂದು ಹೆಸರು. ಬೋನಸ್ ಗೆರೆಯ ಅಂಕವು ಎದುರಿಗೆ ಆರು ಅಥವಾ ಏಳು ಜನರಿದ್ದಾಗ ಮಾತ್ರ ಸಿಗುತ್ತದೆ. ಅಂದರೆ ಕ್ರಿಯೆಯ ಬೆಲೆಯು ಅದು ನಡೆದ ಸಂದರ್ಭದ ಮೇಲೆ ನಿಂತಿದೆ. ಕಷ್ಟ ಹೆಚ್ಚಾದಲ್ಲಿ ಬೆಲೆಯೂ ಹೆಚ್ಚು. ಬಿ.ಜಿ.ಎಂ.ಐ.ಯಲ್ಲಿ ಆಯುಧವಿಲ್ಲದೆ ಈಗತಾನೆ ಇಳಿದವನನ್ನು ಉರುಳಿಸಿದರೂ ಒಂದು. ಜೊತೆಯವರೆಲ್ಲ ಸತ್ತು ಒಂಟಿಯಾಗಿ ಉಳಿದವನು ನಾಲ್ವರ ಎದುರು ನಿಂತು ಒಬ್ಬನನ್ನು ಉರುಳಿಸಿದರೂ ಒಂದು. ಸ್ಥಿರವಾದ ಈ ದರದಿಂದ ಸಾಹಸಕ್ಕೂ ಸುಲಭದ ಬೇಟೆಗೂ ಒಂದೇ ಬೆಲೆಯಾಗಿದೆ.

೫

ಸುಮ್ಮನೆ ಕೂಡುವವನನ್ನು ಎಬ್ಬಿಸುವ ನಿಯಮವು ಎರಡೂ ಆಟಗಳಲ್ಲಿದೆ. ಲೀಗಿನ ಕಬಡ್ಡಿಯಲ್ಲಿ ಎರಡು ದಾಳಿಗಳು ಬರಿದಾದರೆ ಮೂರನೆಯ ದಾಳಿಗಾರನು ಅಂಕ ತರಲೇಬೇಕು. ತರದಿದ್ದರೆ ತಾನೇ ಔಟು. ಬಿ.ಜಿ.ಎಂ.ಐ.ಯಲ್ಲಿ ಆ ಕೆಲಸವನ್ನು ಜೋನು ಮಾಡುತ್ತದೆ. ಆದರೆ ಕಬಡ್ಡಿಯ ಒತ್ತಾಯವು ಎರಡು ತಂಡಗಳಿಗೂ ಸಮಾನ. ಪ್ರತಿಯೊಂದರ ಸರದಿಯೂ ಎಣಿಕೆಯಿಂದ ಬರುತ್ತದೆ. ಜೋನಿನ ಒತ್ತಾಯವು ಹಾಗಲ್ಲ. ಮುಂದಿನ ವರ್ತುಲವು ಎಲ್ಲಿ ಬೀಳುವುದೆಂಬುದು ಯದೃಚ್ಛೆಗೆ ಬಿಟ್ಟ ಸಂಗತಿ. ಅದು ಯಾರ ಮನೆಯ ಮೇಲೆ ಬಿದ್ದಿತೋ ಅವರು ಕಿಟಕಿಯಲ್ಲಿ ಕುಳಿತು ಕಾಯುತ್ತಾರೆ. ಉಳಿದವರು ಬಯಲಿನಲ್ಲಿ ಓಡಿ ಬಂದು ಅವರ ಗುಂಡಿಗೆ ಎದೆಯೊಡ್ಡಬೇಕು. ಕುಳಿತವರಿಗೆ ಉಳಿವೂ ದೊರೆಯಿತು, ಓಡಿ ಬಂದವರ ಮೇಲಿನ ಫಿನಿಷೂ ದೊರೆಯಿತು. ಒಂದೇ ಅದೃಷ್ಟವು ಎರಡು ಖಾತೆಗಳಲ್ಲಿಯೂ ಜಮೆಯಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಪದ್ಧತಿಯ ಅತ್ಯಂತ ಗಂಭೀರವಾದ ದೋಷವಿದು. ಎರಡು ಬಗೆಯ ಅಂಕಗಳನ್ನು ಇಟ್ಟುದರ ಉದ್ದೇಶವೇ ಒಂದರ ಕೊರತೆಯನ್ನು ಇನ್ನೊಂದು ತುಂಬಲಿ ಎಂಬುದು. ಇಲ್ಲಿ ಉಳ್ಳವನಿಗೇ ಎರಡೂ ಒದಗುತ್ತವೆ.

ಇದಕ್ಕೆ ಪಂದ್ಯಾವಳಿಯ ಪಕ್ಷದವರು ಕೊಡಬಹುದಾದ ಸಮಾಧಾನವು ಯುಕ್ತವಾದದ್ದೇ. ಒಂದು ಆಟದಿಂದ ವಿಜಯಿಯನ್ನು ನಿರ್ಣಯಿಸುವುದಿಲ್ಲ. ದಿನಕ್ಕೆ ಐದಾರು ಆಟಗಳಂತೆ ಹಲವು ದಿನ ಆಡಿಸಿ ಒಟ್ಟು ಅಂಕವನ್ನು ನೋಡುತ್ತಾರೆ. ಹುಲಿ-ಕುರಿಯಲ್ಲಿ ಪಕ್ಷವನ್ನು ಬದಲಿಸಿದಂತೆ ಇಲ್ಲಿಯೂ ಅದೃಷ್ಟವು ಕೈ ಬದಲಿಸುತ್ತದೆ ಎಂಬುದು ಅವರ ವಾದ. ಈ ವಾದದಲ್ಲಿ ಸತ್ಯವಿದೆ. ಆದರೆ ಪೂರ್ಣ ಸತ್ಯವಿಲ್ಲ. ಹುಲಿ-ಕುರಿಯ ಬದಲಾವಣೆಯು ನಿಶ್ಚಿತವಾದದ್ದು: ಈ ಸಲ ಹುಲಿಯಾದವನು ಮುಂದಿನ ಸಲ ಕುರಿಯಾಗಲೇಬೇಕು. ಜೋನಿಗೆ ಅಂಥ ಕಟ್ಟುಪಾಡಿಲ್ಲ. ಬಹಳ ಆಟಗಳಾದ ಮೇಲೆ ಅದೃಷ್ಟವು ಸಮನಾಗುವ ಸಂಭವವುಂಟು. ಹದಿನೈದಿಪ್ಪತ್ತು ಆಟಗಳಲ್ಲಿ ಸಮನಾಗಲೇಬೇಕೆಂಬ ನಿಯಮವಿಲ್ಲ. ವರ್ತುಲದ ಗತಿಯನ್ನು ಮುಂಚೆಯೇ ಊಹಿಸುವುದೂ ಒಂದು ಕೌಶಲವೆಂದು ಹೇಳುವವರುಂಟು. ಅದೂ ದಿಟ. ಆದರೆ ಮಳೆಯನ್ನು ಊಹಿಸುವ ಒಕ್ಕಲಿಗನ ಜಾಣತನವು ಮಳೆಯನ್ನು ತನ್ನ ಹೊಲಕ್ಕೆ ತರಲಾರದು. ಕೌಶಲದಿಂದಲೇ ಫಲವು ನಿರ್ಧಾರವಾಗಬೇಕೆನ್ನುವ ಕಾಯಿದೆಯ ಮಾತಿನ ಎದುರು ಈ ಭಾಗವು ದುರ್ಬಲವಾಗಿಯೇ ನಿಲ್ಲುತ್ತದೆ.

ಇನ್ನೊಂದು ತೊಡಕು ತಂಡಗಳ ಸಂಖ್ಯೆಯಿಂದ ಬಂದದ್ದು. ಎರಡು ತಂಡಗಳು ಕಾದಾಡುವಾಗ ಮೂರನೆಯದು ಹೊಂಚು ಹಾಕಿ ಕೊನೆಯ ಗಳಿಗೆಯಲ್ಲಿ ಬಂದು ಇಬ್ಬರನ್ನೂ ಮುಗಿಸುವುದು ಈ ಆಟದಲ್ಲಿ ನಿತ್ಯದ ನೋಟ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭವೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ಇಬ್ಬರೇ ಎದುರಾಳಿಗಳಿರುವ ಕಬಡ್ಡಿಯಲ್ಲಿ ಇದಕ್ಕೆ ಎಡೆಯಿಲ್ಲ. ಆದುದರಿಂದ ಕಬಡ್ಡಿಯ ಮದ್ದನ್ನು ಇದ್ದಂತೆಯೇ ತಂದು ಇಲ್ಲಿ ಹಚ್ಚಲಾಗದೆಂಬುದನ್ನು ಒಪ್ಪಬೇಕು.

ಮಿಶ್ರಣವೇ ಬೇಡವೆಂದರೆ ಏನಾಗುವುದು? ೨೦೨೩ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಶಿಯನ್ ಕ್ರೀಡೆಗಳಲ್ಲಿ ಈ ಆಟದ ಒಂದು ವಿಶೇಷ ರೂಪವನ್ನು ಆಡಿಸಿದರು. ಅದರಲ್ಲಿ ತಂಡಗಳು ಒಂದನ್ನೊಂದು ಹೊಡೆಯುವಂತಿರಲಿಲ್ಲ. ನಿಗದಿಯಾದ ದಾರಿಯಲ್ಲಿ ಸಾಗುತ್ತ ಗುರಿಹಲಗೆಗಳಿಗೆ ಗುಂಡು ಹೊಡೆದು ಮುಂದೆ ಹೋಗಬೇಕಾಗಿತ್ತು. ಹಿಂಸೆಯ ಆಕ್ಷೇಪಕ್ಕೂ ಅದೃಷ್ಟದ ಆಕ್ಷೇಪಕ್ಕೂ ಅದು ಒಂದು ಉತ್ತರವೇ ಸರಿ. ಆದರೆ ಹಾಗೆ ಮಾಡಿದಾಗ ಉಳಿದದ್ದು ಓಟದ ಪಂದ್ಯ. ಹೋರುವುದೋ ಅಡಗುವುದೋ ಎಂಬ ತುಮುಲವೇ ಇಲ್ಲವಾಯಿತು. ಈ ಆಟದ ಸ್ವಾರಸ್ಯವು ಮಿಶ್ರಣದಲ್ಲಿಯೇ ಇದೆ. ಅದನ್ನು ತೆಗೆಯುವುದಕ್ಕಿಂತ ಅದರ ಹದವನ್ನು ಸರಿಪಡಿಸುವುದೇ ಮೇಲು.

೬

ಹಾಗಾದರೆ ಮಾಡತಕ್ಕದ್ದೇನು? ವಿಮರ್ಶಕನು ನಿಯಮಗಳನ್ನು ರಚಿಸುವವನಲ್ಲವಾದರೂ ಮೇಲಿನ ವಿಚಾರದಿಂದ ಎರಡು ಸೂಚನೆಗಳು ಸಹಜವಾಗಿ ಹೊರಡುತ್ತವೆ. ಮೊದಲನೆಯದು, ಕಡಮೆ ಜನ ಉಳಿದ ತಂಡವು ಮಾಡಿದ ಫಿನಿಷಿಗೆ ಹೆಚ್ಚಿನ ಬೆಲೆ ಕೊಡುವುದು. ಒಬ್ಬನೇ ಉಳಿದವನು ಮಾಡಿದ ಫಿನಿಷಿಗೆ ಎರಡು ಅಂಕ ಕೊಟ್ಟರೆ ಸೂಪರ್ ಟ್ಯಾಕಲಿನ ನ್ಯಾಯವು ಇಲ್ಲಿಗೂ ಬಂದಂತಾಗುತ್ತದೆ. ಎರಡನೆಯದು, ಒಂಬತ್ತರಿಂದ ಹದಿನಾರರವರೆಗಿನ ಸ್ಥಾನಗಳನ್ನು ಒಂದೇ ಸೊನ್ನೆಯಲ್ಲಿ ಮುಳುಗಿಸದೆ ಅಲ್ಲಿಯೂ ತಾರತಮ್ಯವನ್ನು ತೋರಿಸುವುದು.

ಇವುಗಳಿಗೂ ಆಕ್ಷೇಪಗಳುಂಟು. ಪ್ರತಿಯೊಂದು ನಿಯಮವೂ ತನ್ನದೇ ಆದ ಹೂಟಕ್ಕೆ ದಾರಿ ಮಾಡುತ್ತದೆ. ಮೂವರೇ ಉಳಿದ ತಂಡವು ಸೂಪರ್ ಟ್ಯಾಕಲಿನ ಆಸೆಯಿಂದ ನಾಲ್ಕನೆಯವನನ್ನು ಬದುಕಿಸಲು ಆತುರಪಡದಿರುವುದನ್ನೂ, ಮೂರನೆಯ ದಾಳಿಯ ಬಲವಂತವು ಬರಲೆಂದೇ ಎರಡು ದಾಳಿಗಳನ್ನು ಬರಿದಾಗಿ ಕಳೆಯುವುದನ್ನೂ ಕಬಡ್ಡಿಯ ಪ್ರೇಕ್ಷಕರು ಬಲ್ಲರು. ಆದರೆ ಅಲ್ಲಿ ಆ ಹೂಟಕ್ಕೆ ಒಂದು ಲಗಾಮೂ ಇದೆ: ಮೂವರೂ ಬಿದ್ದರೆ ಎದುರಾಳಿಗೆ ಲೋನಾದ ಎರಡು ಅಂಕಗಳು ಹೆಚ್ಚಿಗೆ ಸಲ್ಲುತ್ತವೆ. ಬಿ.ಜಿ.ಎಂ.ಐ.ಯಲ್ಲಿ ಒಂಟಿಯಾಗುವುದೇ ಸಾಕಷ್ಟು ದೊಡ್ಡ ದಂಡವಾದ್ದರಿಂದ ಎರಡು ಅಂಕಗಳ ಆಸೆಗೆ ಜೊತೆಗಾರರನ್ನು ಯಾವ ತಂಡವೂ ಬಲಿಗೊಡದೆಂದು ನಂಬಬಹುದು. ಕೆಳಗಿನ ಸ್ಥಾನಗಳಿಗೆ ಅಂಕ ಕೊಟ್ಟರೆ ಅಡಗುವವರು ಹೆಚ್ಚುತ್ತಾರೆಂಬ ಆಕ್ಷೇಪವು ಇದಕ್ಕಿಂತ ಬಲವಾದದ್ದು. ಅಡಗುವವರ ಕಾಟವು ದಿನನಿತ್ಯದ ಆಟದಲ್ಲಿ ಈಗಾಗಲೇ ಇದೆ. ಮೇಲಿನ ಐನೂರು ಜನರಿಗೆ ಮೀಸಲಾದ 'ಕಾಂಕರರ್' ಪದವಿಯನ್ನೇರಲು ಕಾದಾಟವನ್ನೇ ತಪ್ಪಿಸಿ ಮೂಲೆಯಲ್ಲಿ ಕೂಡುವವರನ್ನು ಆಡಿದವರೆಲ್ಲ ಕಂಡಿದ್ದಾರೆ. ಆದುದರಿಂದ ಎರಡನೆಯ ಸೂಚನೆಯನ್ನು ಅಲ್ಪಪ್ರಮಾಣದಲ್ಲಿ ಮಾತ್ರ ಜಾರಿಗೆ ತರಬಹುದೆಂದು ತೋರುತ್ತದೆ.

ಒಟ್ಟಿನಲ್ಲಿ ಹೇಳಬೇಕಾದುದಿಷ್ಟು. ಎರಡು ಆಟಗಳ ಅಂಕಗಳನ್ನು ಕೂಡಿಸಿದ ಮಾತ್ರಕ್ಕೆ ಅವು ಒಂದು ಆಟವಾಗುವುದಿಲ್ಲ. ಒಂದರ ಸಾಧನೆಯು ಇನ್ನೊಂದರ ಸ್ಥಿತಿಯನ್ನು ಬದಲಿಸುವಂತೆ ನಿಯಮಗಳು ಹೆಣೆದುಕೊಂಡಾಗಲೇ ಮಿಶ್ರಣವು ನಿಜವಾಗುತ್ತದೆ. ಗಾಮಿನಿ, ಅಮರ, ಸಂಜೀವಿನಿಗಳನ್ನು ಆಡಿ ನೋಡಿದ ಜನರು ಇದನ್ನು ಯಾವ ಗ್ರಂಥದಿಂದಲೂ ಕಲಿತದ್ದಲ್ಲ. ಆಡುತ್ತ ಆಡುತ್ತ ಕಂಡುಕೊಂಡದ್ದು. ಬಿ.ಜಿ.ಎಂ.ಐ. ಆಡುವ ನಮ್ಮ ತರುಣರೂ ಹಾಗೆಯೇ ಆಡುತ್ತ ಅದರ ಅನ್ಯಾಯಗಳನ್ನು ಕಂಡುಕೊಂಡಿದ್ದಾರೆ. ಬಸ್ಸಿನಲ್ಲಿ ಅವರು ಆಡುವ ಮಾತುಗಳನ್ನು ಕಿವಿಗೊಟ್ಟು ಕೇಳಿದರೆ ಈ ಲೇಖನದ ಅರ್ಧ ವಿಷಯವು ಅಲ್ಲಿಯೇ ಸಿಗುತ್ತದೆ. ಆದರೆ ಕಬಡ್ಡಿಯ ನಿಯಮವನ್ನು ಆಡುವವರೇ ಬಯಲಿನಲ್ಲಿ ನಿಂತು ತಿದ್ದಿಕೊಳ್ಳಬಹುದಾಗಿತ್ತು. ಇಲ್ಲಿ ತಿದ್ದುವ ಅಧಿಕಾರವು ಆಡುವವರ ಕೈಯಲ್ಲಿಲ್ಲ, ಆಟದ ಒಡೆಯರಾದ ಸಂಸ್ಥೆಯ ಕೈಯಲ್ಲಿದೆ. ಇ-ಕ್ರೀಡೆಗೆ ಮಾನ್ಯತೆ ಕೊಡುವವರು ಬಹುಮಾನದ ಮೊತ್ತವನ್ನೂ ಪ್ರೇಕ್ಷಕರ ಸಂಖ್ಯೆಯನ್ನೂ ನೋಡಿದರೆ ಸಾಲದು. ಅಂಕಪಟ್ಟಿಯು ಯಾವ ತತ್ತ್ವದ ಮೇಲೆ ನಿಂತಿದೆ, ಅದನ್ನು ಬದಲಿಸುವಾಗ ಆಡುವವರನ್ನು ಕೇಳಲಾಗುವುದೇ, ಎಂಬೆರಡು ಪ್ರಶ್ನೆಗಳಿಗೆ ಉತ್ತರವನ್ನು ಮೊದಲು ಪಡೆಯತಕ್ಕದ್ದು.